ಪಕ್ಕವಾದ್ಯ ಹುಟ್ಟಿದ್ದು ಸ್ಟುಡಿಯೊದಲ್ಲಿ

1916ರ ಮಾತು. ನ್ಯೂಯಾರ್ಕಿನ ಥರ್ಡ್ ಅವೆನ್ಯೂದಲ್ಲಿ ಎಲೆನ್ ಓಬರ್ನ್ ಡಿವಿಟ್ ಎಂಬಾಕೆಯ ಅಂಗಡಿಯಿತ್ತು. ಗಿರಾಕಿಗಳಲ್ಲಿ ಬಹುಪಾಲು ಐರ್ಲೆಂಡಿನಿಂದ ವಲಸೆ ಬಂದವರು. ನಮ್ಮೂರ ಕುಣಿತದ ಮಟ್ಟುಗಳ ಪ್ಲೇಟು ಇದೆಯೇ ಎಂದು ಅವರು ಕೇಳುವುದು, ಇಲ್ಲವೆಂದು ಆಕೆ ಹೇಳುವುದು, ಇದೇ ಆಯಿತು. ಕೊನೆಗೆ ಎಲೆನ್ ಕೊಲಂಬಿಯಾ ಕಂಪನಿಗೇ ಹೋಗಿ ಕೇಳಿದಳು. ಕಂಪನಿಯವರದು ವ್ಯಾಪಾರದ ಲೆಕ್ಕ: ಮುದ್ರಿಸುತ್ತೇವೆ, ಆದರೆ 500 ಪ್ಲೇಟುಗಳನ್ನು ನೀವೇ ಕೊಳ್ಳಬೇಕು. ಆಕೆ ಹೂಂ ಅಂದಳು. ವಾದಕರನ್ನು ಹುಡುಕಿ ತರಲು ಮಗನನ್ನು ಕ್ವೀನ್ಸ್‌ನ ಸೆಲ್ಟಿಕ್ ಪಾರ್ಕಿಗೆ ಅಟ್ಟಿದಳು. ಅಲ್ಲಿ ಸಿಕ್ಕವರು ಅಕಾರ್ಡಿಯನ್ ನುಡಿಸುವ ಎಡ್ಡಿ ಹರ್ಬೋರ್ನ್ ಮತ್ತು ಬ್ಯಾಂಜೊದ ವೀಲರ್. ಆ 500 ಪ್ಲೇಟುಗಳು ಖರ್ಚಾದವು. ಇಲ್ಲೂ ದುಡ್ಡಿದೆ ಎಂದು ಕಂಪನಿಗಳಿಗೆ ತಿಳಿಯಿತು. ಐದೇ ವರ್ಷಗಳಲ್ಲಿ ಪಿಟೀಲು ಬಂತು.

ಪಿಟೀಲಿನ ಜೊತೆಗೆ ಇನ್ನೊಂದೂ ಬಂತು: ಪಕ್ಕವಾದ್ಯ. ಇಂದು ಐರಿಷ್ ಸಂಗೀತವೆಂದರೆ ಪಿಟೀಲು-ಗಿಟಾರ್ ಜೋಡಿಯೇ ಕಣ್ಣ ಮುಂದೆ ಬರುತ್ತದೆ, ಶತಮಾನಗಳಿಂದ ಹೀಗೇ ಇತ್ತೇನೋ ಅನ್ನಿಸುತ್ತದೆ. ಹಾಗಿಲ್ಲ. ರೀಲ್, ಜಿಗ್ ಎಂಬ ಆ ಕುಣಿತದ ಮಟ್ಟುಗಳು ಒಂಟಿ ವಾದ್ಯಕ್ಕೆಂದು ಬೆಳೆದವು. ಅಡುಗೆಮನೆಯ ಮೂಲೆಯಲ್ಲಿ ಒಬ್ಬ ಪಿಟೀಲುಗಾರ ಕೂತರೆ ಇಡೀ ಊರು ಕುಣಿಯುತ್ತಿತ್ತು. ಇಬ್ಬರಿದ್ದರೆ ಇಬ್ಬರೂ ಅದೇ ಮಟ್ಟನ್ನು ನುಡಿಸುತ್ತಿದ್ದರು. ಕೆಳಗೆ ಸ್ವರಮೇಳ ಹಾಸಿಕೊಡುವವರು ಇರಲಿಲ್ಲ. ಬೇಕೆಂದು ಯಾರಿಗೂ ಅನ್ನಿಸಿದಂತೆ ಕಾಣುವುದಿಲ್ಲ. ಡಾನಿಗಾಲ್ ಸೀಮೆಯಲ್ಲಿ ತವರದ ಪಾತ್ರೆ ಮಾಡುತ್ತ ಊರೂರು ಸುತ್ತುತ್ತಿದ್ದ ಜಾನ್ ಡೊಹರ್ಟಿಯ ಮುದ್ರಣಗಳಲ್ಲಿ ಈ ಒಂಟಿ ಕಮಾನಿನ ಬಲ ಇಂದಿಗೂ ಕಿವಿಗೆ ಬೀಳುತ್ತದೆ. ಪಿಟೀಲನ್ನು ಗಾಯಕರ ಪಕ್ಕದಲ್ಲಿ ಕೂರಿಸಿ ರೂಢಿಯಾದ ನಮ್ಮ ಕಛೇರಿಯ ಕಿವಿಗೆ ಈ ಪಿಟೀಲಿನ ಯಜಮಾನಿಕೆ ಮೊದಲಿಗೆ ವಿಚಿತ್ರವೇ.

ಪಕ್ಕವಾದ್ಯವನ್ನು ಮಾಮೂಲಿ ಮಾಡಿದ್ದು ಸ್ಟುಡಿಯೊ. ಸ್ಲೈಗೊ ಜಿಲ್ಲೆಯ ಕಿಲ್ಲಾವಿಲ್ ಬಳಿ 1891ರಲ್ಲಿ ಹುಟ್ಟಿದ ಮೈಕೆಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋಗಿ, 1921ರಿಂದ 1936ರವರೆಗೆ ನ್ಯೂಯಾರ್ಕಿನಲ್ಲಿ ಪ್ಲೇಟಿನ ಸುಮಾರು 80 ಪಕ್ಕಗಳನ್ನು ಮುದ್ರಿಸಿದ. ಅದೇ ಜಿಲ್ಲೆಯ ಜೇಮ್ಸ್ ಮಾರಿಸನ್, ಪ್ಯಾಡಿ ಕಿಲ್ಲೊರಾನ್ ಕೂಡ ಅಲ್ಲೇ ನುಡಿಸಿದರು. 1925ರಲ್ಲಿ ವಿದ್ಯುತ್ ಮುದ್ರಣ ಬರುವವರೆಗೆ ಪಿಟೀಲಿನ ಸಣ್ಣ ದನಿ ನೇರವಾಗಿ ತಗಡಿನ ಕಹಳೆಯೊಳಕ್ಕೆ ಹೋಗಿ ಮೇಣದ ಮೇಲೆ ಗೀರು ಬೀಳಬೇಕಿತ್ತು. ಪಿಯಾನೊದ ಆಸರೆ ಇದ್ದರೆ ಪ್ಲೇಟು ತುಂಬಿಕೊಂಡಂತೆ ಕೇಳಿಸುತ್ತದೆ ಎನ್ನುವುದು ಆ ಕಾಲದ ಜನಪ್ರಿಯ ಸಂಗೀತದ ರೂಢಿ. ಹಾಗಾಗಿ ಐರಿಷ್ ಮಟ್ಟುಗಳ ಗಂಧಗಾಳಿ ಇಲ್ಲದವರನ್ನೂ ಪಿಯಾನೊದ ಮುಂದೆ ಕೂರಿಸಿದರು. ಕೋಲ್ಮನ್‌ನ ಕಮಾನು ಹಕ್ಕಿಯ ರೆಕ್ಕೆಯಷ್ಟು ಹಗುರಾಗಿ ಓಡುತ್ತಿದ್ದರೆ ಕೆಳಗೆ ಪಿಯಾನೊ ತನ್ನ ಪಾಡಿಗೆ ತಾನು ಧಪ್ ಧಪ್ ಅನ್ನುತ್ತಿರುತ್ತದೆ. ಕೆಲವು ಪ್ಲೇಟುಗಳಲ್ಲಿ ಮಟ್ಟು ಒಂದು ದಾರಿ, ಪಿಯಾನೊ ಇನ್ನೊಂದು ದಾರಿ.

ಈ ಎಡವಟ್ಟಿಗೆ ಸಂಗೀತದೊಳಗೇ ಕಾರಣವಿದೆ. ಎಷ್ಟೋ ಐರಿಷ್ ಮಟ್ಟುಗಳ ಸ್ವರಸ್ಥಾನಗಳು ನಮ್ಮ ಖರಹರಪ್ರಿಯವನ್ನೋ ಹರಿಕಾಂಭೋಜಿಯನ್ನೋ ಹೋಲುತ್ತವೆ. ಕೆಲವುಗಳಲ್ಲಿ ಗಾಂಧಾರ ಎರಡರ ನಡುವೆ ಎಲ್ಲೋ ಓಲಾಡುತ್ತದೆ. ಪಾಶ್ಚಾತ್ಯ ಸ್ವರಮೇಳವಾದರೋ ಗಾಂಧಾರದ ಮೇಲೇ ನಿಂತದ್ದು. ಮೇಜರ್ ಆಗಲಿ ಮೈನರ್ ಆಗಲಿ ಅದು ತೀರ್ಪು ಕೊಟ್ಟೇ ಕೊಡುತ್ತದೆ. ಮಟ್ಟು ಇನ್ನೂ ಯೋಚಿಸುತ್ತಿರುವಾಗಲೇ ಪಿಯಾನೊ ತೀರ್ಪು ಓದಿಬಿಟ್ಟರೆ ಆಭಾಸ.

ಆದರೂ ಆ ಪ್ಲೇಟುಗಳು ಹಡಗು ಹತ್ತಿ ಐರ್ಲೆಂಡಿಗೆ ಮರಳಿ ಬಂದಾಗ ಆದ ಪರಿಣಾಮ ಸಣ್ಣದಲ್ಲ. ಗ್ರಾಮಫೋನ್ ಇರುವ ಮನೆಗೆ ನೆರೆಹೊರೆಯವರೆಲ್ಲ ಬಂದು ಕೂತು ಕೇಳಿದರು. ಹತ್ತಿಂಚಿನ ಪ್ಲೇಟಿನ ಒಂದು ಪಕ್ಕಕ್ಕೆ ಮೂರೇ ನಿಮಿಷ; ಅಷ್ಟರಲ್ಲಿ ಎರಡು ಮೂರು ಮಟ್ಟು ಪೋಣಿಸಬೇಕು. 1934ರಲ್ಲಿ ಕೋಲ್ಮನ್ ‘ಟಾರ್ಬೋಲ್ಟನ್’, ‘ಲಾಂಗ್‌ಫರ್ಡ್ ಕಲೆಕ್ಟರ್’, ‘ಸೈಲರ್ಸ್ ಬಾನೆಟ್’ ಎಂಬ ಮೂರು ರೀಲ್‌ಗಳನ್ನು ಡೆಕ್ಕಾ ಕಂಪನಿಗೆ ಒಟ್ಟಿಗೆ ನುಡಿಸಿದ. ಇಂದಿಗೂ ಯಾವುದೇ ಪಬ್ಬಿನಲ್ಲಿ ಮೊದಲನೆಯದನ್ನು ಎತ್ತಿಕೊಂಡರೆ ಉಳಿದೆರಡು ಅದೇ ಕ್ರಮದಲ್ಲಿ ಹಿಂಬಾಲಿಸುತ್ತವೆ. ಸ್ಲೈಗೊ ಶೈಲಿಯ ಅಬ್ಬರದಲ್ಲಿ ಬೇರೆ ಜಿಲ್ಲೆಗಳ ನಿಧಾನದ, ಒರಟಿನ ಬಾನಿಗಳು ಹಿಂದೆ ಸರಿದವು ಎಂಬ ದೂರು ನ್ಯಾಯವಾದದ್ದೇ. ಅಂದಹಾಗೆ ಆ ಮೂರು ರೀಲ್‌ಗಳ ಪ್ಲೇಟಿನಲ್ಲಿ ಪಿಯಾನೊ ಇಲ್ಲ, ಗಿಟಾರ್ ಇದೆ. ಅಷ್ಟರಮಟ್ಟಿಗೆ ಕಿವಿಗೆ ನೆಮ್ಮದಿ.

ಕೋಲ್ಮನ್ 1945ರಲ್ಲಿ ತೀರಿಕೊಂಡ. ನಂತರದ ಎರಡು ದಶಕಗಳನ್ನು ಇಲ್ಲಿ ದಾಟಿಬಿಡಬಹುದು. ಐರ್ಲೆಂಡಿಗೆ ಗಿಟಾರ್ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1960ರ ದಶಕದ ಹಾಡುಗಾರರ ಹೆಗಲೇರಿ. ಅದನ್ನು ರೀಲ್‌ಗೆ ಒಗ್ಗಿಸುವ ಕೀಲಿಕೈ ಸಿಕ್ಕಿದ್ದು ಬೇರೆಲ್ಲೋ. ಡೇವಿ ಗ್ರಹಾಂ ಎಂಬ ಇಂಗ್ಲಿಷ್ ಗಿಟಾರ್ ವಾದಕ ಮೊರಾಕೊಗೆ ಹೋಗಿದ್ದಾಗ ಅಲ್ಲಿನ ಊದ್ ವಾದ್ಯದವರ ಜೊತೆ ನುಡಿಸಲು ತನ್ನ ಗಿಟಾರಿನ ಮೂರು ತಂತಿಗಳನ್ನು ಒಂದೊಂದು ಸ್ವರ ಇಳಿಸಿಕೊಂಡ. ಆರು ತಂತಿಗಳು ಡಿ-ಎ-ಡಿ-ಜಿ-ಎ-ಡಿ ಆದವು. ನಮ್ಮ ಲೆಕ್ಕದಲ್ಲಿ ಸ-ಪ-ಸ-ಮ-ಪ-ಸ. ಗಮನಿಸಿ, ಗಾಂಧಾರವೇ ಇಲ್ಲ! ಪಿಯಾನೊ ಆತುರದಿಂದ ಕೊಡುತ್ತಿದ್ದ ತೀರ್ಪನ್ನು ಈ ಗಿಟಾರ್ ಕೊಡದೆಯೂ ಇರಬಲ್ಲದು. ಬಿಟ್ಟ ತಂತಿಗಳು ತಂಬೂರಿಯಂತೆ ಮೊಳಗುತ್ತಿರುತ್ತವೆ.

ಈ ಶ್ರುತಿಯನ್ನು ಐರಿಷ್ ಸಂಗೀತದಲ್ಲಿ ನೆಲೆಗೊಳಿಸಿದವರಲ್ಲಿ ಮೀಹಾಲ್ ಓ ಡೋನಲ್ ಪ್ರಮುಖ. 1951ರಲ್ಲಿ ಹುಟ್ಟಿದ ಆತ 1971ರ ‘ಸ್ಕಾರಾ ಬ್ರೇ’ ತಂಡದಲ್ಲಿ ತಂಗಿಯರೊಂದಿಗೆ ಐರಿಷ್ ಭಾಷೆಯ ಹಾಡುಗಳಿಗೆ ಗಿಟಾರ್ ನುಡಿಸಿದ. ಆಮೇಲೆ ‘ಬಾಥಿ ಬ್ಯಾಂಡ್’ ಕಟ್ಟಿದವರಲ್ಲಿ ಒಬ್ಬನಾದ. ಆ ಬ್ಯಾಂಡಿನ ಮೊದಲ ಎಲ್ಪಿಯ ಪಿಟೀಲುಗಾರ ಡಾನಿಗಾಲ್‌ನ ಟಾಮಿ ಪೀಪಲ್ಸ್. ಆತ ಬಿಟ್ಟ ಜಾಗಕ್ಕೆ 1976ರಲ್ಲಿ ಬಂದವನು ಕೆವಿನ್ ಬರ್ಕ್: ಹುಟ್ಟಿದ್ದು ಲಂಡನ್ನಿನಲ್ಲಿ, ಅಪ್ಪ ಅಮ್ಮ ಸ್ಲೈಗೊದವರು, ಕೈಯಲ್ಲಿ ಕೋಲ್ಮನ್‌ನ ಬಾನಿ. ಅದೇ ವರ್ಷ ಪೀಪಲ್ಸ್ ಮತ್ತು ಪಾಲ್ ಬ್ರೇಡಿ ಸೇರಿ ‘ದಿ ಹೈ ಪಾರ್ಟ್ ಆಫ್ ದಿ ರೋಡ್’ ಎಂಬ ಎಲ್ಪಿ ತಂದರು. ಬ್ರೇಡಿಯ ಗಿಟಾರ್ ಪಿಟೀಲಿನ ಬೆನ್ನಿಗೆ ಬಿದ್ದು ಓಡಿಸುತ್ತದೆ. ಪೀಪಲ್ಸ್‌ನ ಕಮಾನೂ ಕಡಿಮೆಯದಲ್ಲ, ತಿರುಗಿ ಸವಾಲು ಹಾಕುತ್ತದೆ.

ಬಾಥಿ ಬ್ಯಾಂಡ್ 1979ರಲ್ಲಿ ಚದುರಿತು. ಬರ್ಕ್ ಮತ್ತು ಓ ಡೋನಲ್ ಇಬ್ಬರೇ ಉಳಿದು ಅದೇ ವರ್ಷ ‘ಪ್ರೊಮನಾಡ್’ ತಂದರು. ಅಮೆರಿಕಕ್ಕೆ ಹೋಗಿ ಆರೆಗಾನ್‌ನ ಪೋರ್ಟ್‌ಲೆಂಡಿನಲ್ಲಿ ಮನೆ ಮಾಡಿದ ಮೇಲೆ, 1982ರಲ್ಲಿ, ಆ ಊರಿನ ಹೆಸರಿನದೇ ಇನ್ನೊಂದು. ನನ್ನ ಮಟ್ಟಿಗೆ ಪಿಟೀಲು-ಗಿಟಾರ್ ಜೋಡಿಗೆ ವ್ಯಾಕರಣ ಬರೆದದ್ದು ಈ ಎರಡು ಎಲ್ಪಿಗಳು. ಓ ಡೋನಲ್ ಲಯವನ್ನು ಹಿಡಿದಿದ್ದಾನೆ, ಆದರೆ ಹೊಡೆಯುವುದಿಲ್ಲ. ಮಂದ್ರದ ತಂತಿಯಲ್ಲಿ ಒಂದು ಚಿಕ್ಕ ನಡಿಗೆ ಹಾಕಿ ಮಟ್ಟಿನ ತಿರುವಿಗೆ ಸರಿಯಾಗಿ ಬಂದು ಸೇರುತ್ತಾನೆ. ಬರ್ಕ್‌ಗೆ ಇನ್ನು ಯಾವ ಅವಸರವೂ ಇಲ್ಲ. ಹಳೆಯ ಪ್ಲೇಟುಗಳಲ್ಲಿ ಕೋಲ್ಮನ್‌ಗೆ ಇಂಥ ಜೊತೆಗಾರ ಸಿಕ್ಕಿದ್ದರೆ ಎಂದು ಹಲುಬುವಂತಾಗುತ್ತದೆ.

ಮೂರು ನಿಮಿಷದ ಬೇಲಿಯನ್ನು ಪೂರ್ತಿ ಕಿತ್ತವರು ಇನ್ನಿಬ್ಬರು. ಕ್ಲೇರ್ ಜಿಲ್ಲೆಯ ಫೀಕಲ್ ಬಳಿಯ ಮಾರ್ಟಿನ್ ಹೇಯ್ಸ್, ಟಲ್ಲಾ ಕೇಲಿ ಬ್ಯಾಂಡಿನ ಪಿ.ಜೆ. ಹೇಯ್ಸ್‌ನ ಮಗ. ಸ್ಲೈಗೊ ಪ್ಲೇಟುಗಳ ಅಲೆಯನ್ನು ತಡೆದುಕೊಂಡು ತನ್ನ ನಿಧಾನವನ್ನು ಉಳಿಸಿಕೊಂಡ ಸೀಮೆ ಅದು. ಷಿಕಾಗೊಗೆ ಹೋದ ಹೇಯ್ಸ್‌ಗೆ ಅಲ್ಲೇ ಹುಟ್ಟಿದ, ಕೆರ್ರಿ ಮೂಲದ ಡೆನಿಸ್ ಕಾಹಿಲ್ ಜೊತೆಯಾದ. ಇಬ್ಬರೂ ಮೊದಲು ನುಡಿಸಿದ್ದು ರಾಕ್ ಬೆರೆಸಿದ ಒಂದು ತಂಡದಲ್ಲಿ. ಅದರ ಗದ್ದಲಕ್ಕೂ ಮುಂದೆ ಇವರು ಮಾಡಿದ್ದಕ್ಕೂ ಸಂಬಂಧ ಹುಡುಕುವುದು ಕಷ್ಟ. 1997ರ ‘ದಿ ಲೋನ್‌ಸಮ್ ಟಚ್’ನಲ್ಲಿ ಕಾಹಿಲ್ ಸ್ವರಮೇಳವನ್ನೇ ಸುಲಿದು ಎರಡು ಸ್ವರಕ್ಕೆ, ಕೆಲವೊಮ್ಮೆ ಒಂದಕ್ಕೆ ಇಳಿಸುತ್ತಾನೆ. ಕುಣಿಯುವವರ ಕಾಲಿಗೆ ಹುಟ್ಟಿದ ರೀಲ್ ಇಲ್ಲಿ ಆಲಾಪದ ನಡೆಗೆ ಬರುತ್ತದೆ. 1999ರ ‘ಲೈವ್ ಇನ್ ಸಿಯಾಟಲ್’ನಲ್ಲಿ ಒಂದೇ ಪೋಣಿಕೆ ಸುಮಾರು 28 ನಿಮಿಷ ಸಾಗುತ್ತದೆ: ತೀರ ಮೆಲ್ಲಗೆ ಶುರುವಾಗಿ, ಒಂದೊಂದೇ ಮಟ್ಟು ದಾಟುತ್ತ, ಕೊನೆಗೆ ಸಭೆಯನ್ನೇ ಎಬ್ಬಿಸುವಷ್ಟು ಬಿರುಸಾಗಿ. ಇದು ಕುಣಿತಕ್ಕೆ ಒದಗದ ಸಂಗೀತ ಎಂದು ಮೂಗು ಮುರಿದವರುಂಟು. ಅವರ ಮಾತಲ್ಲಿ ಹುರುಳಿಲ್ಲವೆನ್ನಲಾರೆ. ಪಿಟೀಲಿನ ಲಿಜ್ ಕ್ಯಾರಲ್ ಮತ್ತು ಗಿಟಾರಿನ ಜಾನ್ ಡಾಯ್ಲ್ ಜೋಡಿಯ 2009ರ ‘ಡಬಲ್ ಪ್ಲೇ’ ಕೇಳಿದರೆ ಕಾಲು ತಾನಾಗಿ ತಾಳ ಹಾಕುತ್ತದೆ, ಹೇಯ್ಸ್ ಕೇಳುವಾಗ ಹಾಕುವುದಿಲ್ಲ.

ಈ ದಾರಿಯನ್ನು ಕಿವಿಯಲ್ಲೇ ನಡೆದು ನೋಡಬೇಕೆಂದರೆ ‘ಸೈಲರ್ಸ್ ಬಾನೆಟ್’ ಒಂದನ್ನೇ ಹಿಡಿದುಕೊಳ್ಳಿ. 1934ರ ಕೋಲ್ಮನ್‌ನಿಂದ ಶುರುಮಾಡಿ. ಆಮೇಲೆ ಅಮೆರಿಕದ ಗಾಯಕ ಆರ್ಲೊ ಗತ್ರಿಯ 1973ರ ಎಲ್ಪಿಯಲ್ಲಿ, ಕೌಬಾಯ್ ಹಾಡುಗಳ ನಡುವೆ, ಇಪ್ಪತ್ತರ ಹರೆಯದ ಕೆವಿನ್ ಬರ್ಕ್ ನುಡಿಸಿದ್ದನ್ನು ಕೇಳಿ. ಕೊನೆಗೆ ಹೇಯ್ಸ್, ಕಾಹಿಲ್ ಇಬ್ಬರೂ ಇದ್ದ ‘ದಿ ಗ್ಲೋಮಿಂಗ್’ ತಂಡ 2014ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಅದನ್ನು ಎತ್ತಿಕೊಂಡ ಬಗೆ. ಆ ಆಲ್ಬಮ್ಮಿನಲ್ಲಿ ಗಿಟಾರಿನ ಜೊತೆಗೆ ಪಿಯಾನೊವೂ ಇದೆ, ನ್ಯೂಯಾರ್ಕಿನ ಥಾಮಸ್ ಬಾರ್ಟ್‌ಲೆಟ್‌ನದು. ನುಡಿಸುವುದಕ್ಕಿಂತ ಕಾಯುವುದೇ ಹೆಚ್ಚು.