ಕೋಣೆಯೊಳಗಿನ ವಿಮಾನಯಾನ: ಆಟಕ್ಕೆ ಬೇಕಾದ ಉಪಸಾಧನಗಳು

ಹಗಲೆಲ್ಲ ಗಲ್ಲೆಯ ಮುಂದೆ ಕುಳಿತು ಚಿಲ್ಲರೆ ಎಣಿಸುವ, ಇಲ್ಲವೆ ಕಚೇರಿಯ ಕಡತಗಳೊಡನೆ ಗುದ್ದಾಡುವ ನಮ್ಮ ತರುಣರು ರಾತ್ರಿ ಕೋಣೆಗೆ ಬಂದು ಮುಂಬಯಿಯಿಂದ ಮಂಗಳೂರಿಗೆ ವಿಮಾನ ನಡೆಸುತ್ತಾರೆಂದರೆ ಹಿರಿಯರಾದ ವಾಚಕರು ನಗಬಹುದು. ನಗುವಂಥದೇನೂ ಇದರಲ್ಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ವಿಮಾನ ಚಾಲನೆಯನ್ನು ಅನುಕರಿಸುವ ಈ ಆಟವನ್ನು ಮೈಕ್ರೊಸಾಫ್ಟ್ ಕಂಪನಿಯು ತನ್ನ ಹೆಸರಿನಲ್ಲಿ ಹೊರತಂದದ್ದು 1982ರಲ್ಲಿ. ಅಂದಿನಿಂದ ಇದು ಬೆಳೆಯುತ್ತಲೇ ಬಂದಿದೆ. 2024ನೆಯ ಅಕ್ಟೋಬರ್ 28ರಂದು ನಮ್ಮ ವಡೋದರೆಯಲ್ಲಿಯೇ ಸಿ-295 ಸಾಗಾಣಿಕಾ ವಿಮಾನಗಳನ್ನು ಜೋಡಿಸುವ ಟಾಟಾ ಕಾರ್ಖಾನೆಯ ಉದ್ಘಾಟನೆ ನೆರವೇರಿದೆ; ಇಲ್ಲಿಯ ಹುಡುಗರ ಕಣ್ಣು ಆಕಾಶದ ಕಡೆಗೆ ತಿರುಗಿದರೆ ಅದು ಸಹಜವೇ ಸರಿ.

ಆದರೆ ಕೊಂಡು ತಂದ ಆಟವು ಕೊಂಡ ಸ್ಥಿತಿಯಲ್ಲಿಯೇ ಪೂರ್ಣವಾಗಿರುವುದಿಲ್ಲ. ಕಟ್ಟಡ ಹಿಡಿದು ಮೇಜು ಕುರ್ಚಿ ಹಾಕಿದ ಮಾತ್ರಕ್ಕೆ ಹೊಟೇಲು ನಡೆದೀತೆ? ಒಳಗೆ ರುಬ್ಬುವ ಕಲ್ಲು ಬೇಕು, ಲೆಕ್ಕದ ಪುಸ್ತಕ ಬೇಕು. ಹಾಗೆಯೇ ಈ ಆಟಕ್ಕೂ ಹೊರಗಿನಿಂದ ಸೇರಿಸಿಕೊಳ್ಳುವ ಉಪಸಾಧನಗಳಿವೆ. ನಮ್ಮ ತರುಣರು ಮಾಡುತ್ತಿರುವ ತಪ್ಪೆಂದರೆ, ಮೊದಲ ಸಂಬಳದಲ್ಲಿಯೇ ಬಣ್ಣಬಣ್ಣದ ವಿಮಾನಗಳನ್ನೂ ದೃಶ್ಯಾವಳಿಗಳನ್ನೂ ಖರೀದಿಸುವುದು. ಅವು ಗೋಡೆಯ ಬಣ್ಣವಿದ್ದಂತೆ. ಅಡಿಗೆಮನೆಯನ್ನು ಮೊದಲು ಸರಿಪಡಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಮತ್ತು ಈ ಅಡಿಗೆಮನೆಯ ಸಾಮಾನುಗಳಲ್ಲಿ ಬಹುಪಾಲು ಪುಕ್ಕಟೆಯಾಗಿಯೇ ದೊರೆಯುತ್ತವೆ. ಕೈಯಲ್ಲಿ ಕಾಸಿಲ್ಲದವನು ಆಟವನ್ನೂ ಪುಕ್ಕಟೆಯಾಗಿ ಪಡೆಯಬಹುದು. ಸ್ವಯಂಸೇವಕರು 1997ರಿಂದ ಬೆಳೆಸುತ್ತ ಬಂದಿರುವ ಫ್ಲೈಟ್‌ಗಿಯರ್ ಎಂಬುದಕ್ಕೆ ಬೆಲೆಯೇ ಇಲ್ಲ.

ಹಳೆಯ ಕಂಪ್ಯೂಟರುಳ್ಳವರು ಇನ್ನೂ 2006ರ ಎಫ್.ಎಸ್.ಎಕ್ಸ್. ಆವೃತ್ತಿಯನ್ನೇ ಆಡುವುದುಂಟು. ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದದ್ದು 2008ರಲ್ಲಿ. ಆದುದರಿಂದ ಆ ಆಟದಲ್ಲಿ ಬೆಂಗಳೂರಿಗೆ ಹೋದವನು ಹಳೆಯ ಎಚ್.ಎ.ಎಲ್. ನಿಲ್ದಾಣದಲ್ಲಿಯೇ ಇಳಿಯಬೇಕು. 2019ರಲ್ಲಿ ತೆರೆದ ಕಲಬುರಗಿಯಾಗಲಿ 2023ರ ಶಿವಮೊಗ್ಗೆಯಾಗಲಿ ಅದರಲ್ಲಿರುವುದು ಸಾಧ್ಯವೇ ಇಲ್ಲ. ನಿಜವಾದ ವಿಮಾನಗಳಿಗೆ ಮಾರ್ಗ, ಸಂಕೇತ, ಓಟಪಥಗಳ ವಿವರಗಳು ಪ್ರತಿ 28 ದಿನಗಳಿಗೊಮ್ಮೆ ಪರಿಷ್ಕೃತವಾಗುತ್ತವೆ. ವರ್ಷಗಟ್ಟಲೆ ಹಳೆಯದಾದ ದರಪಟ್ಟಿಯನ್ನು ಗೋಡೆಗೆ ತೂಗುಹಾಕಿ ಗಿರಾಕಿಯೊಡನೆ ವಾದಕ್ಕೆ ನಿಂತರೆ ಏನಾದೀತೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಈ ಪರಿಷ್ಕೃತ ವಿವರಗಳನ್ನು ಚಂದಾ ಪಡೆದು ಒದಗಿಸುವ ನ್ಯಾವಿಗ್ರಾಫ್‌ನಂಥ ಸಂಸ್ಥೆಗಳಿವೆ. ಹವ್ಯಾಸಿಗೆ ತಿಂಗಳು ತಿಂಗಳೂ ಅದು ಅವಶ್ಯವಲ್ಲ. ವರ್ಷಕ್ಕೊಮ್ಮೆ ಪಡೆದರೆ ಸಾಕು.

ನಾವು ಎಲ್ಲಕ್ಕಿಂತ ಮೊದಲು ಸೂಚಿಸುವುದು ಲಿಟಲ್ ನ್ಯಾವ್‌ಮ್ಯಾಪ್ ಎಂಬ ನಕ್ಷೆಯನ್ನು. ಅಲೆಕ್ಸಾಂಡರ್ ಬಾರ್ಥೆಲ್ ಎಂಬವರು ರಚಿಸಿ ಉಚಿತವಾಗಿ ಹಂಚುತ್ತಿರುವ ಇದು ಮೈಕ್ರೊಸಾಫ್ಟ್‌ನ ಆಟಕ್ಕೂ ಎಕ್ಸ್-ಪ್ಲೇನ್ ಎಂಬ ಇನ್ನೊಂದು ಆಟಕ್ಕೂ ಹೊಂದುತ್ತದೆ. ಮಾರ್ಗವನ್ನು ಇದರಲ್ಲಿ ಗುರುತು ಹಾಕಿಕೊಳ್ಳಬಹುದು; ಹಾರುತ್ತಿರುವಾಗ ನಮ್ಮ ವಿಮಾನವು ಎಲ್ಲಿದೆಯೆಂಬುದನ್ನು ಇದು ತೋರಿಸುತ್ತಿರುತ್ತದೆ. ಅದೇ ಕೋಣೆಯ ಹಳೆಯ ಮೊಬೈಲಿನಲ್ಲಿಯೂ ಈ ನಕ್ಷೆಯನ್ನು ತೆರೆಯಬಹುದಾದುದರಿಂದ ಎರಡನೆಯ ಪರದೆಗಾಗಿ ದುಡ್ಡು ಸುರಿಯಬೇಕಿಲ್ಲ. ಹೊಸಬರು ಅಹಮದಾಬಾದಿನಿಂದ ಹೊರಟು, ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಕಣ್ಣಳತೆಯಲ್ಲಿಟ್ಟುಕೊಂಡು, ಮಹೀ ನದಿಯನ್ನು ದಾಟಿ ವಡೋದರೆಯ ಹರಣಿಯಲ್ಲಿ ಇಳಿಯಲಿ. ಸುಮಾರು ನೂರು ಕಿಲೋಮೀಟರಿನ ಈ ಸಣ್ಣ ಯಾನವು ಮೊದಲ ಪಾಠಕ್ಕೆ ಅತ್ಯುತ್ತಮ.

ಇನ್ನು ಎಫ್.ಎಸ್.ಯು.ಐ.ಪಿ.ಸಿ. ಎಂಬ ಉದ್ದ ಹೆಸರಿನದೊಂದುಂಟು. ಪೀಟ್ ಡೌಸನ್ ಎಂಬ ಆಂಗ್ಲ ಗೃಹಸ್ಥರು ರಚಿಸಿದ್ದು. ಹೊರಗಿನ ಸಾಧನಗಳಿಗೂ ಆಟಕ್ಕೂ ನಡುವೆ ಇದು ದುಭಾಷಿ. ದಪ್ಪನೆಯ ಅಗ್ಗದ ಚಾಲನಾದಂಡವು ಕೈ ಮುಟ್ಟದಿದ್ದರೂ ವಿಮಾನವನ್ನು ಒಂದು ಕಡೆಗೆ ಎಳೆಯುತ್ತಿದ್ದರೆ ಅದನ್ನು ಹದಕ್ಕೆ ತರುವುದು ಇದರಿಂದ ಸಾಧ್ಯ. ಆ ಸೌಕರ್ಯಕ್ಕೆ ಮಾತ್ರ ಹಣ ತೆರಬೇಕು.

2001ರಲ್ಲಿ ಆರಂಭವಾದ ವ್ಯಾಟ್‌ಸಿಮ್ ಎಂಬ ಜಾಲವೂ ಉಲ್ಲೇಖಾರ್ಹ. ಲೋಕದ ನಾನಾ ಕಡೆಗಳಲ್ಲಿ ಕುಳಿತ ಹವ್ಯಾಸಿಗಳೇ ಇಲ್ಲಿ ನಿಯಂತ್ರಣ ಗೋಪುರದ ಅಧಿಕಾರಿಗಳಾಗಿ ಇಂಗ್ಲಿಷಿನಲ್ಲಿ ಆದೇಶ ನೀಡುತ್ತಾರೆ. ಚಾಲಕನು ಅದನ್ನು ಮರಳಿ ಹೇಳಿ ಒಪ್ಪಿಸಬೇಕು. ಫೋನಿನಲ್ಲಿ ಇಂಗ್ಲಿಷ್ ಕೇಳಿದೊಡನೆ ಬೆವರುವ ಗುಮಾಸ್ತರಿಗೆ ಇದಕ್ಕಿಂತ ಅಗ್ಗದ ಅಭ್ಯಾಸಶಾಲೆ ಇನ್ನೊಂದಿರಲಾರದು.

ನೆಲ ಮುಟ್ಟಿದ ಕ್ಷಣದಲ್ಲಿ ವಿಮಾನವು ಎಷ್ಟು ರಭಸದಿಂದ, ಓಟಪಥದ ಯಾವ ಭಾಗದಲ್ಲಿ ಇಳಿಯಿತೆಂಬುದನ್ನು ಅಳೆದು ತೋರಿಸುವ ಉಪಸಾಧನಗಳಿವೆ. ಮೆತ್ತಗೆ ಇಳಿದೆನೆಂದು ಹುಡುಗರು ಹಿಗ್ಗುತ್ತಾರೆ. ಆದರೆ ನೋಡತಕ್ಕದ್ದು ಎರಡನೆಯ ಅಂಕೆಯನ್ನು. ಕರಾವಳಿಯ ನಮ್ಮ ಜನರಿಗೆ ಇದನ್ನು ಬಿಡಿಸಿ ಹೇಳಬೇಕೆ? 2010ನೆಯ ಮೇ 22ರ ಬೆಳಗ್ಗೆ ದುಬಾಯಿಯಿಂದ ಬಜಪೆಗೆ ಬಂದ ವಿಮಾನದಲ್ಲಿದ್ದ 166 ಜನರಲ್ಲಿ 158 ಜನ ಅಸುನೀಗಿದರು. ಅಲ್ಲಿಯ ಹೊಸ ಓಟಪಥದ ಉದ್ದ 2450 ಮೀಟರ್. ವಿಮಾನವು ಇರಬೇಕಾದುದಕ್ಕಿಂತ ಎತ್ತರದಲ್ಲಿ ಬಂದು, ಸುಮಾರು 1585 ಮೀಟರ್ ದಾಟಿದ ಮೇಲೆ ನೆಲ ಮುಟ್ಟಿತು. ಮುಂದೆ ಉಳಿದದ್ದು 865 ಮೀಟರು, ಅದರಾಚೆ ಗುಡ್ಡದ ಅಂಚು ಮತ್ತು ಕಣಿವೆ. ಇಳಿಯದೆ ಮೇಲೇರಿ ಸುತ್ತಿಬರೋಣವೆಂದು ಸಹಚಾಲಕರು ಎಚ್ಚರಿಸಿದ್ದರೆಂದು ವಿಚಾರಣಾ ವರದಿಯಲ್ಲಿ ದಾಖಲಾಗಿದೆ. ಆ ಎಚ್ಚರಿಕೆಗೆ ಬೆಲೆ ದೊರೆಯಲಿಲ್ಲ.

ಬಜಪೆಯಲ್ಲಿ ಇಳಿಯುವ ಅಭ್ಯಾಸ ಮಾಡುವ ತರುಣನು ಒಂದು ನಿಯಮವನ್ನು ತಾನೇ ವಿಧಿಸಿಕೊಳ್ಳಲಿ: ಓಟಪಥದ ಮೊದಲ ಮೂರನೆಯ ಒಂದು ಭಾಗದೊಳಗೆ ನೆಲ ಮುಟ್ಟುವ ಲಕ್ಷಣ ಕಾಣದಿದ್ದರೆ ಮೇಲೇರಿಬಿಡುವುದು. ಹತ್ತು ಸಲ ಮೇಲೇರಬೇಕಾಗಿ ಬಂದರೂ ನಾಚಿಕೆಪಡಬೇಕಾದುದಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಒಂದು ಪ್ರವೃತ್ತಿಯನ್ನು ಮಾತ್ರ ನಾವು ಖಂಡಿಸುತ್ತೇವೆ. 2025ನೆಯ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನದೊಳಗಿನ 241 ಜನರೂ ನೆಲದ ಮೇಲಿನ 19 ಜನರೂ ಮಡಿದ ಅನಂತರ, ಆ ದುರಂತವನ್ನು ಆಟದಲ್ಲಿ ಮರುಸೃಷ್ಟಿಸಿ, ಕಾರಣ ಕಂಡುಹಿಡಿದೆವೆಂದು ಸಾರುವ ಚಿತ್ರಗಳು ಮೊಬೈಲಿನಲ್ಲಿ ಹರಿದಾಡಿದವು. ನಾವು ಕೊಟ್ಟ ಕಾರಣಕ್ಕೆ ತಕ್ಕಂತೆ ಬೀಳುವ ಆಟದ ವಿಮಾನವು ಕಾರಣವನ್ನು ಹೇಗೆ ಸಿದ್ಧಪಡಿಸೀತು? ಸತ್ತವರ ಮನೆಯವರು ಇದೇ ಊರುಗಳಲ್ಲಿದ್ದಾರೆಂಬ ನೆನಪಾದರೂ ಬೇಡವೇ?

ಕದ್ದ ಪ್ರತಿಗಳ ವಿಷಯವೂ ಲಘುವಾದುದಲ್ಲ. 2018ರಲ್ಲಿ ವಿದೇಶದ ಒಂದು ಹೆಸರಾಂತ ಸಂಸ್ಥೆಯು, ಕಳ್ಳಪ್ರತಿಗಾರರನ್ನು ಹಿಡಿಯುವ ನೆಪದಿಂದ, ತನ್ನ ವಿಮಾನದ ಕಡತದೊಳಗೆ ಗುಪ್ತಪದಗಳನ್ನು ಹೆಕ್ಕುವ ಸಾಧನವನ್ನು ಅಡಗಿಸಿಟ್ಟದ್ದು ಬಯಲಾಗಿ, ಕ್ಷಮೆ ಕೇಳಿ ಅದನ್ನು ತೆಗೆದುಹಾಕಬೇಕಾಯಿತು. ಹಣ ಪಡೆದು ಮಾರುವವರೇ ಹೀಗಾದರೆ, ಪುಕ್ಕಟೆ ಕದ್ದು ಹಂಚುವವರು ಏನನ್ನು ತುರುಕಿರಲಾರರು! ಸಂಬಳದ ಬ್ಯಾಂಕ್ ಖಾತೆ ತೆರೆಯುವ ಕಂಪ್ಯೂಟರಿನಲ್ಲಿಯೇ ಆಟವನ್ನೂ ಇಟ್ಟುಕೊಂಡಿರುವ ನಮ್ಮವರು ರಚಿಸಿದವರ ಸ್ವಂತ ತಾಣದಿಂದ ಮಾತ್ರ ಉಪಸಾಧನಗಳನ್ನು ಪಡೆಯತಕ್ಕದ್ದು.

"ನಮ್ಮ ಹುಡುಗ ಇದರಿಂದ ಪೈಲಟ್ ಆಗುವನೇ, ಸ್ವಾಮೀ?" ಎಂದು ಕೇಳುವ ತಂದೆಯರಿದ್ದಾರೆ. ವೃತ್ತಿಪರ ಚಾಲಕನ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಕೋಣೆಯಲ್ಲಿ ಕಳೆದ ಒಂದು ನಿಮಿಷವೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಉಪಕರಣಗಳನ್ನು ಓದುವ, ಮಾರ್ಗವನ್ನು ಯೋಜಿಸುವ ರೂಢಿ ಮಾತ್ರ ಕೈಗೆ ಬರುತ್ತದೆ. ಅಷ್ಟನ್ನೇ ನಂಬಿ ಊರಿನ ಅಡಿಕೆ ತೋಟವನ್ನು ಅಡವಿಡಲು ಹೊರಡಬಾರದು.

ಕೊನೆಯದಾಗಿ ಹೊಟೇಲಿನ ಕೋಣೆಗಳಲ್ಲಿ ಹತ್ತು ಜನರೊಡನೆ ಮಲಗುವವರಿಗೆ ಒಂದು ಮಾತು. ಕೊಳ್ಳಬೇಕಾದ ಮೊದಲ ಉಪಸಾಧನ ಕಿವಿಗೆ ಹಾಕುವ ಹೆಡ್‌ಫೋನು. ಬೆಳಗಿನ ಐದಕ್ಕೆ ಇಡ್ಲಿಯ ಒಲೆ ಹಚ್ಚಬೇಕಾದ ಭಟ್ಟರಿಗೆ ನಡುರಾತ್ರಿಯ ಬೋಯಿಂಗಿನ ಸದ್ದು ರುಚಿಸುವುದಿಲ್ಲ.