ಮಯೂರಶಿಖೆಯ ಸಂವರ್ಧನೆ

ಮಯೂರಶಿಖೆಯೆಂದರೆ ನವಿಲಿನ ಜುಟ್ಟು. ಬೀಸಣಿಗೆಯಂತೆ ಹರಡಿದ ಎಲೆಗಳುಳ್ಳ, ಗೇಣುದ್ದ ಮೀರದ ಪುಟ್ಟ ಜರೀಗಿಡವೊಂದಕ್ಕೆ ಈ ಅಂದವಾದ ಹೆಸರು ಸಂದಿದೆ. ಇದೇ ಹೆಸರಿನಿಂದ ಬೇರೆ ಗಿಡಗಳನ್ನೂ ಕರೆಯುವುದುಂಟು; ಈ ಜರೀಗಿಡವನ್ನು ಸಸ್ಯವಿಜ್ಞಾನಿಗಳು ಆಕ್ಟಿನಿಯಾಪ್ಟೆರಿಸ್ ರೇಡಿಯೇಟ ಎಂದು ಗುರುತಿಸುತ್ತಾರೆ.

ಜರೀಗಿಡವೆಂದೊಡನೆ ಮಲೆನಾಡಿನ ತಂಪು ನೆನಪಾಗುವುದು ಸಹಜ. ಮಯೂರಶಿಖೆಯಾದರೋ ಒಣನಾಡಿನ ಬಂಡೆಯ ಬಿರುಕುಗಳಲ್ಲಿಯೂ ಹಳೆಯ ಗಾರೆಗೋಡೆಗಳ ಸಂದುಗಳಲ್ಲಿಯೂ ಬೇರೂರತಕ್ಕದ್ದು. ಸದಾ ಹರಿಯುವ ನದಿಯಿಲ್ಲದ ಕೋಲಾರ ಸೀಮೆಯ ಹವೆ ಇದಕ್ಕೆ ಒಗ್ಗುವಂಥದು. ಬೇಸಗೆಯಲ್ಲಿ ಇದರ ಎಲೆಗಳು ಸುರುಟಿ ಸತ್ತಂತೆ ತೋರಿ, ಮಳೆ ಬಿದ್ದ ಮೇಲೆ ಪುನಃ ಹಸುರಾಗುತ್ತವೆ. ಬರವನ್ನು ಗೆಲ್ಲಬಲ್ಲ ಈ ಸಸ್ಯವು ಕೀಳುವ ಕೈಯನ್ನು ಗೆಲ್ಲಲಾರದು. ಮದ್ದಿಗೆಂದು ಬುಡಸಹಿತ ಕಿತ್ತರೆ ಆ ಬಿರುಕಿನಲ್ಲಿ ಅದರ ಸಂತತಿಯೇ ನಿಲ್ಲಬಹುದು. ಆದಕಾರಣ ಇದನ್ನು ಬೆಳೆಸಿ ಹೆಚ್ಚಿಸುವ ವಿಧಾನವನ್ನು ತಿಳಿಯುವುದು ಅವಶ್ಯ.

ಜರೀಗಿಡಗಳನ್ನು ಹೆಚ್ಚಿಸಲು ಎರಡು ಮಾರ್ಗಗಳುಂಟು. ಮೊದಲನೆಯದು ಬುಡ ಒಡೆಯುವುದು. ಕುಂಡದಲ್ಲಿ ದಟ್ಟವಾಗಿ ಬೆಳೆದ ಗಿಡವನ್ನು ಮಳೆಗಾಲದ ಆರಂಭದಲ್ಲಿ ಹೊರತೆಗೆದು, ಪ್ರತಿಯೊಂದು ಭಾಗಕ್ಕೂ ಚಿಗುರೂ ಬೇರೂ ಉಳಿಯುವಂತೆ ಹರಿತವಾದ ಚಾಕುವಿನಿಂದ ಗುಪ್ತಕಾಂಡವನ್ನು ಸೀಳಿ ನೆಡಬೇಕು. ಬಂಡೆಯ ಗಿಡಕ್ಕೆ ಈ ಕ್ರಮ ಸಲ್ಲದು. ಕಲ್ಲಿನೊಳಗೆ ಹೊಕ್ಕ ಬೇರು ಎಳೆದೊಡನೆ ಹರಿದುಹೋಗುತ್ತದೆ.

ಎರಡನೆಯದು ಬೀಜಾಣುವಿನ ಮಾರ್ಗ. ಇದಕ್ಕೆ ಒಂದು ಎಲೆ ಸಾಕು. ಜರೀಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಎಲೆಯ ಅಡಿಯಲ್ಲಿ ಕಂದುಬಣ್ಣದ ಬೀಜಾಣುಕೋಶಗಳಿರುತ್ತವೆ. ಅವು ಬಲಿತ ಎಲೆಯನ್ನು ಕಾಗದದಲ್ಲಿ ಮಡಿಸಿಟ್ಟರೆ ಒಂದೆರಡು ದಿನಗಳಲ್ಲಿ ನವಿರಾದ ಧೂಳು ಉದುರುತ್ತದೆ. ಮರಳು, ಎಲೆಗೊಬ್ಬರ, ಇಟ್ಟಿಗೆಪುಡಿಗಳನ್ನು ಜರಡಿಯಾಡಿ, ತುಸು ಹಳೆಯ ಗಾರೆಯ ಚೂರನ್ನು ಬೆರೆಸಿ ಕುಂಡದಲ್ಲಿ ತುಂಬಬೇಕು. ೨೦೦೧ರಲ್ಲಿ ಮುಚ್ಚಿದ ಚಿನ್ನದ ಗಣಿಗಳ ಬಳಿಯ ಸೈನೈಡ್ ದಿಬ್ಬಗಳ ಪುಡಿ ನುಣುಪಾಗಿ ಕಂಡರೂ ಅದನ್ನು ಮಾತ್ರ ಬಳಸಕೂಡದು. ಕುದಿನೀರು ಹೊಯ್ದು, ಆರಿದ ಮೇಲೆ ಧೂಳನ್ನು ತೆಳುವಾಗಿ ಉದುರಿಸಿ, ಗಾಜು ಮುಚ್ಚಿ ನೆರಳಿನಲ್ಲಿಡಬೇಕು. ಮೇಲಿನಿಂದ ನೀರೆರೆಯದೆ, ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಗೊಡಬೇಕು.

ಕೆಲವು ವಾರಗಳಲ್ಲಿ ಪಾಚಿಯಂಥ ಹಸುರು ಮೂಡುತ್ತದೆ. ಅದು ಕೊಳೆಯೆಂದು ಎಸೆಯುವವರೂ ಉಂಟು! ವಾಸ್ತವವಾಗಿ ಅದು ಗಿಡದ ಮೊದಲ ತಲೆಮಾರು. ಬೆಳೆದಂತೆ ಹೃದಯಾಕಾರದ ಪುಟ್ಟ ಎಸಳುಗಳಾಗುತ್ತದೆ. ಸಾಮಾನ್ಯವಾಗಿ ಜರೀಗಿಡಗಳಲ್ಲಿ ಆ ಎಸಳಿನ ಅಡಿಯ ತೇವದಲ್ಲಿ ಗಂಡುಕಣವು ಈಜಿ ಹೆಣ್ಣುಕಣವನ್ನು ಸೇರಿದ ಮೇಲೆಯೇ ನಿಜವಾದ ಗಿಡ ಹುಟ್ಟುತ್ತದೆ. ಈ ಎರಡು ತಲೆಮಾರುಗಳ ಸರದಿಯನ್ನು ಜರ್ಮನಿಯ ಹಾಫ್‌ಮೈಸ್ಟರನು ೧೮೫೧ರಲ್ಲಿ ವಿಶದಪಡಿಸಿದನು. ಒಣಭೂಮಿಯ ಗಿಡಕ್ಕೂ ಜನ್ಮಕಾಲದಲ್ಲಿ ನೀರು ಬೇಕೆಂಬುದು ಗಮನಾರ್ಹ. ಎಳೆಯೆಲೆಗಳು ಕಂಡ ಬಳಿಕ ಗಾಜನ್ನು ದಿನದಿನಕ್ಕೆ ತುಸುತುಸುವೇ ಸರಿಸಿ, ಸಸಿಗಳನ್ನು ಬೇರ್ಪಡಿಸಿ ನೆಡಬೇಕು.

ಇದಕ್ಕೆಲ್ಲ ತಿಂಗಳುಗಳ ತಾಳ್ಮೆ ಬೇಕು, ಖರ್ಚು ಅತ್ಯಲ್ಪ. ಒಂದು ಕುಂಡ, ಒಂದು ಗಾಜಿನ ತುಂಡು ಇರುವ ಯಾವ ಶಾಲೆಯಲ್ಲಿಯೂ ಇದು ಸಾಧ್ಯ. ಹೀಗೆ ಬೆಳೆದ ಗಿಡದಿಂದಲೇ ಮದ್ದಿನ ಅಗತ್ಯವು ಪೂರೈಸಿದಲ್ಲಿ ಬಂಡೆಯ ಗಿಡವು ಬಂಡೆಯಲ್ಲಿಯೇ ಉಳಿದೀತು.