ಮೂರನೆಯ ಆಯಾಮದಲ್ಲಿ ಕಳೆದುಹೋದ ಕಡತ

ನಮ್ಮ ತಂದೆ ತಾಲ್ಲೂಕು ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತರಾಗಿದ್ದವರು. ಒಂದೇ ಕಿಟಕಿಯ ಆ ಕೋಣೆಯಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳು ನೆಲದಿಂದ ಸೂರಿನವರೆಗೆ ಪೇರಿಸಿಕೊಂಡಿದ್ದವು. ಅಜ್ಜನ ಕಾಲದ ಖಾತೆ ಬದಲಾವಣೆಯ ದಾಖಲೆ ಬೇಕೆಂದು ಯಾರಾದರೂ ರೈತರು ಬಂದು ನಿಂತರೆ ಅಪ್ಪ ಸೂಚಿ ಪುಸ್ತಕವನ್ನು ತೆರೆಯುತ್ತಿರಲಿಲ್ಲ. ಎದ್ದು ಒಳಗೆ ಹೋಗಿ, ಕರೆಂಟು ಇಲ್ಲದ ಹೊತ್ತಿನಲ್ಲೂ, ಬೇಕಾದ ಗಂಟನ್ನೇ ಹಿಡಿದು ಬರುತ್ತಿದ್ದರು. ಇಷ್ಟೆಲ್ಲ ಹೇಗೆ ನೆನಪಿರುತ್ತದೆ ಎಂದು ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದೆ. ‘ನೆನಪು ಎಲ್ಲಿದೆ ಮಗಾ, ಕಾಲು ಕರ್ಕೊಂಡು ಹೋಗುತ್ತೆ’ ಎಂದಿದ್ದರು.

ಕೈಬರಹದ ಪಹಣಿಗಳನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆ ಬರುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಮುಂದೆ ನಾನು ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸಕ್ಕೆ ಸೇರಿ, ಮನೆಗೊಂದು ಕಂಪ್ಯೂಟರ್ ತಂದುಕೊಟ್ಟಾಗ, ಸಾವಿರಾರು ಕಡತಗಳ ಒಡೆಯರಾಗಿದ್ದ ಅದೇ ಮನುಷ್ಯ ತಾವೇ ಬರೆದಿಟ್ಟ ಒಂದು ಪತ್ರವನ್ನು ಹುಡುಕಲಾರದೆ ಪರದೆಯ ಮುಂದೆ ಬೆಪ್ಪಾಗಿ ಕೂರುತ್ತಿದ್ದರು. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಮತ್ತೊಂದು. ಎಲ್ಲವೂ ಒಂದೇ ಹಳದಿ ಬಣ್ಣ, ಒಂದೇ ಆಕಾರ. ಆ ದೃಶ್ಯವೇ 2006ರಲ್ಲಿ ನನ್ನನ್ನೂ ಇಬ್ಬರು ಗೆಳೆಯರನ್ನೂ ಒಂದು ಸಾಹಸಕ್ಕೆ ಹಚ್ಚಿತು. ವಿಡಿಯೊ ಗೇಮುಗಳಲ್ಲಿ ಆಟಗಾರ ಕೋಣೆಯಿಂದ ಕೋಣೆಗೆ ನಡೆದಾಡುವಂತೆ, ಕಂಪ್ಯೂಟರನ್ನೇ ಒಂದು ಮನೆಯಾಗಿಸಿ ಅದರೊಳಗೆ ಕಡತಗಳನ್ನಿಟ್ಟರೆ ಹೇಗೆ? ರಾತ್ರಿಗಳನ್ನೂ ಭಾನುವಾರಗಳನ್ನೂ ಸುರಿದು ನಾವು ಕಟ್ಟಲು ಹೊರಟದ್ದು ಒಂದು ತೊಟ್ಟಿಮನೆಯನ್ನು. ಪಡಸಾಲೆಯಲ್ಲಿ ಪತ್ರಗಳು, ದೇವರ ಮನೆಯ ಪಕ್ಕದ ಕೋಣೆಯಲ್ಲಿ ಫೋಟೊಗಳು, ಅಟ್ಟದ ಮೇಲೆ ಹಳೆಯ ಕಡತಗಳು.

ಈ ಕನಸನ್ನು ಮೊದಲು ಕಂಡವರು ನಾವೇನೂ ಅಲ್ಲ. ಪರದೆಯನ್ನು ಮೇಜಿನಂತೆ ಭಾವಿಸುವ ಕಲ್ಪನೆ ಕ್ಯಾಲಿಫೋರ್ನಿಯದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ರೂಪುಗೊಂಡಿತು. 1981ರ ಜೆರಾಕ್ಸ್ ಸ್ಟಾರ್, 1984ರ ಆ್ಯಪಲ್ ಮ್ಯಾಕಿಂಟಾಷ್ ಅದನ್ನು ಲೋಕಕ್ಕೆ ತಲುಪಿಸಿದವು. ಆದರೆ ಅದೇ ಎಪ್ಪತ್ತರ ದಶಕದ ಕೊನೆಯಲ್ಲಿ, ಅಮೆರಿಕದ ಎಂಐಟಿಯಲ್ಲಿ ನಿಕೊಲಸ್ ನೆಗ್ರೊಪಾಂಟೆ ಮತ್ತು ರಿಚರ್ಡ್ ಬೋಲ್ಟ್ ಅವರ ತಂಡ ಮೇಜಿಗಿಂತ ದೊಡ್ಡದೊಂದನ್ನು ಊಹಿಸಿಕೊಂಡಿತ್ತು. ಮಾಹಿತಿಯೆಲ್ಲ ಹರಡಿಕೊಂಡ ಒಂದು ‘ಸೀಮೆ’, ಅದರ ಮೇಲೆ ಕುರ್ಚಿಯಲ್ಲಿ ಕುಳಿತೇ ಹಾರಾಡುವ ಬಳಕೆದಾರ. ಹೆಸರಿನಿಂದಲ್ಲ, ಇಟ್ಟ ಜಾಗದಿಂದ ವಸ್ತುವನ್ನು ಹುಡುಕಬೇಕು ಎಂಬುದು ಅವರ ತತ್ವ. ಅದು ಅಪ್ಪನ ರೆಕಾರ್ಡ್ ರೂಮಿನ ತತ್ವವೇ.

ಮುಂದಿನ ವರ್ಷಗಳಲ್ಲಿ ಈ ಕನಸು ಮತ್ತೆ ಮತ್ತೆ ಮರುಕಳಿಸಿತು. 1993ರಲ್ಲಿ ‘ಜುರಾಸಿಕ್ ಪಾರ್ಕ್’ ಚಿತ್ರ ನೋಡಿದವರಿಗೆ, ಹುಡುಗಿಯೊಬ್ಬಳು ಕಡತಗಳನ್ನು ಕಟ್ಟಡಗಳಂತೆ ತೋರಿಸುವ ಪರದೆಯ ಮೇಲೆ ಹಾರುತ್ತ ಬೇಕಾದ್ದನ್ನು ಹುಡುಕುವ ದೃಶ್ಯ ನೆನಪಿರಬಹುದು. ಅದು ಸಿನಿಮಾದವರ ಕಲ್ಪನೆಯಲ್ಲ. ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳಲ್ಲಿ ನಿಜಕ್ಕೂ ಇದ್ದ ತಂತ್ರಾಂಶ. 1995ರಲ್ಲಿ ಮೈಕ್ರೊಸಾಫ್ಟ್ ‘ಬಾಬ್’ ಎಂಬ ಹೆಸರಿನಲ್ಲಿ ಗಣಕವನ್ನು ವ್ಯಂಗ್ಯಚಿತ್ರದ ಮನೆಯಂತೆ ರೂಪಿಸಿ, ದಾರಿ ತೋರಿಸಲು ಒಂದು ನಾಯಿಯನ್ನೂ ಕೂರಿಸಿತು. ಮರುವರ್ಷವೇ ಅದಕ್ಕೆ ಬೀಗ ಬಿತ್ತು. 2003ರಲ್ಲಿ ಸನ್ ಮೈಕ್ರೊಸಿಸ್ಟಮ್ಸ್ ಪ್ರದರ್ಶಿಸಿದ ‘ಲುಕಿಂಗ್ ಗ್ಲಾಸ್’ನಲ್ಲಿ ಕಿಟಕಿಯನ್ನು ಹಾಳೆಯಂತೆ ತಿರುಗಿಸಿ ಅದರ ಬೆನ್ನಿಗೆ ಟಿಪ್ಪಣಿ ಬರೆಯಬಹುದಿತ್ತು. 2006ರಲ್ಲಿ ಲಿನಕ್ಸ್ ಬಳಕೆದಾರರಿಗೆ ‘ಕಾಂಪಿಜ್’ ಬಂದಾಗ ಇಡೀ ಡೆಸ್ಕ್‌ಟಾಪ್ ಒಂದು ಘನಾಕೃತಿಯಾಗಿ ಗಿರ್ರನೆ ತಿರುಗತೊಡಗಿತು.

ಎಲ್ಲಕ್ಕಿಂತ ಸ್ವಾರಸ್ಯದ ಪ್ರಯೋಗ 1999ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಡೆನಿಸ್ ಚಾವೊ ಮಾಡಿದ್ದು. ಆಗ ಜನಪ್ರಿಯವಾಗಿದ್ದ ‘ಡೂಮ್’ ಎಂಬ ಗುಂಡು ಹಾರಿಸುವ ಆಟವನ್ನೇ ಆತ ಗಣಕದ ನಿರ್ವಹಣೆಗೆ ಜೋಡಿಸಿದರು. ಯಂತ್ರದಲ್ಲಿ ನಡೆಯುತ್ತಿರುವ ಪ್ರತಿಯೊಂದು ಪ್ರಕ್ರಿಯೆಯೂ ಒಂದು ರಾಕ್ಷಸ. ಅದನ್ನು ನಿಲ್ಲಿಸಬೇಕಾದರೆ ಗುಂಡು ಹೊಡೆಯಬೇಕು. ತೊಡಕಾದದ್ದೆಂದರೆ, ಆಟದ ನಿಯಮದಂತೆ ಆ ರಾಕ್ಷಸರು ತಮ್ಮತಮ್ಮಲ್ಲೇ ಬಡಿದಾಡಿ ಸಾಯಬಲ್ಲವು. ಅಂದರೆ ಯಾರೂ ಹೇಳದೆಯೇ ಬೇಕಾದ ಕೆಲಸವೂ ನಿಂತುಹೋಗಬಹುದು. ತಮಾಷೆಯಂತೆ ಕಾಣುವ ಈ ಪ್ರಯೋಗದಲ್ಲಿ, ಆಟದ ನ್ಯಾಯ ಬೇರೆ, ಕೆಲಸದ ನ್ಯಾಯ ಬೇರೆ ಎಂಬ ಪಾಠವಿತ್ತು. ನಮಗದು ಆಗ ಕಾಣಲಿಲ್ಲ.

ನಮ್ಮ ತೊಟ್ಟಿಮನೆಗೆ ಮೊದಲು ಅಡ್ಡಬಂದದ್ದು ಕನ್ನಡ ಲಿಪಿ. ಬೀರುಗಳ ಮೇಲೆ ಹೆಸರುಗಳು ಕನ್ನಡದಲ್ಲೇ ಇರಬೇಕೆಂಬುದು ನನ್ನ ಹಟ. ಅಕ್ಷರಗಳನ್ನು ಚಿತ್ರವಾಗಿಸಿ ಗೋಡೆಗೆ ಅಂಟಿಸಿದೆವು. ಎದುರು ನಿಂತು ನೋಡಿದರೆ ಸರಿಯಿತ್ತು. ನಾಲ್ಕು ಹೆಜ್ಜೆ ಹಿಂದೆ ಸರಿದರೆ, ಸ್ವಲ್ಪ ಓರೆಯಾಗಿ ನೋಡಿದರೆ, ಒತ್ತಕ್ಷರಗಳು ಕರಗಿ ಹೋಗುತ್ತಿದ್ದವು. ಇಂಗ್ಲಿಷಿನ ದೊಡ್ಡಕ್ಷರ ಕುಗ್ಗಿದರೂ ಹೇಗೋ ಗುರುತು ಸಿಗುತ್ತದೆ; ನಮ್ಮ ಲಿಪಿಗೆ ತಲೆಕಟ್ಟಿಗೂ ಜಾಗ ಬೇಕು, ಕೆಳಗಿನ ಒತ್ತಿಗೂ ಜಾಗ ಬೇಕು. ಆಳವುಳ್ಳ ಕೋಣೆಯನ್ನು ಚಪ್ಪಟೆ ಪರದೆಯ ಮೇಲೆ ತೋರಿಸುವುದೆಂದರೆ ದೂರದ್ದನ್ನು ಚಿಕ್ಕದಾಗಿಸುವುದು, ಹಿಂದಿನದನ್ನು ಮುಂದಿನದರಿಂದ ಮುಚ್ಚುವುದು. ಓದಲೆಂದೇ ಇರುವ ವಸ್ತುಗಳ ಪಾಲಿಗೆ ಎರಡೂ ಅನರ್ಥವೇ.

ಆ ವರ್ಷದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನನ್ನು ಕೂರಿಸಿ ತೋರಿಸಿದೆ. ಅವರು ಕುತೂಹಲದಿಂದಲೇ ಮನೆಯ ಬಾಗಿಲು ತೆರೆದರು. ಮೌಸ್ ಹಿಡಿದು ಮುಂದೆ ನಡೆಯಲು ಹೋಗಿ ಕಂಬಕ್ಕೆ ಢಿಕ್ಕಿ ಹೊಡೆದರು. ತಿರುಗಲು ಹೋಗಿ ಸೂರನ್ನು ನೋಡುತ್ತ ನಿಂತರು. ಹತ್ತು ನಿಮಿಷದಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಲೆ ಸುತ್ತುತ್ತದೆ ಎಂದರು. ಬಳಿಕ ನನಗೆ ನೋವಾಗದಿರಲೆಂದು ಮೆಲ್ಲಗೆ ಕೇಳಿದರು: ‘ಚೆನ್ನಾಗಿದೆ ಮಗಾ. ಆದರೆ ಒಂದು ಕಾಗದ ತರೋದಕ್ಕೆ ಇಷ್ಟು ದೂರ ಯಾಕೆ ನಡೀಬೇಕು?’

ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನನಗೆ ವರ್ಷಗಳೇ ಬೇಕಾದವು. ಆಟದಲ್ಲಿ ದೂರವೇ ಸುಖ. ಕೋಟೆಯ ಬಾಗಿಲಿಂದ ನಿಧಿಯಿರುವ ಕೋಣೆಯವರೆಗಿನ ದಾರಿ ಸವೆಯದಿದ್ದರೆ ಆಟವೇ ಇಲ್ಲ. ಕೆಲಸದಲ್ಲಿ ದೂರವೆಂದರೆ ತೆರಿಗೆ. ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅದರ ಮೇಲೆ, ಮೌಸ್ ಬಲ್ಲದ್ದು ಎರಡೇ ದಿಕ್ಕು: ಅಡ್ಡ ಮತ್ತು ಉದ್ದ. ಮೂರನೆಯ ದಿಕ್ಕನ್ನು ಇನ್ನೊಂದು ಕೀಲಿಯಿಂದಲೋ ಗಾಲಿಯಿಂದಲೋ ಸಾಲ ತರಬೇಕು. ಹದಿನೈದರ ಹುಡುಗ ಆಟವಾಡಿ ಅದನ್ನು ಕೈಗೆ ಕಲಿಸಿಕೊಂಡಿರುತ್ತಾನೆ. ಅರವತ್ತೈದರ ಗುಮಾಸ್ತರಿಗೆ ಅದು ಹೊಸ ಹೊರೆ. ತೊಟ್ಟಿಮನೆಯಲ್ಲಿ ನಡೆಯಲು ಅಪ್ಪನಿಗೆ ಕಾಲುಗಳೇ ಇರಲಿಲ್ಲ. ಕಾಲಿನ ನೆನಪು ಹೇಗೆ ನೆರವಾದೀತು?

ಸಂಶೋಧಕರೂ ಇದನ್ನು ಪರೀಕ್ಷಿಸಿ ನೋಡಿದ್ದರು. 1998ರಲ್ಲಿ ಮೈಕ್ರೊಸಾಫ್ಟ್ ಸಂಶೋಧನಾ ವಿಭಾಗದ ಜಾರ್ಜ್ ರಾಬರ್ಟ್‌ಸನ್ ಮತ್ತು ಸಂಗಡಿಗರು ‘ಡೇಟಾ ಮೌಂಟನ್’ ಎಂಬ ಇಳಿಜಾರಿನಂಥ ಚಿತ್ರದ ಮೇಲೆ 100 ಜಾಲಪುಟಗಳನ್ನು ಜನರೇ ತಮಗಿಷ್ಟ ಬಂದಲ್ಲಿ ಇಡಲು ಬಿಟ್ಟರು. ಮಾಮೂಲಿ ಪಟ್ಟಿಗಿಂತ ಬೇಗನೆ ಅವರು ತಮ್ಮ ಪುಟಗಳನ್ನು ಹುಡುಕಿಕೊಂಡರು. ತಿಂಗಳುಗಳ ನಂತರ ಕರೆದು ಕೇಳಿದಾಗಲೂ ಜಾಗ ಮರೆತಿರಲಿಲ್ಲ. ಗಮನಿಸಬೇಕಾದ್ದೆಂದರೆ, ಅಲ್ಲಿ ಬಳಕೆದಾರ ನಡೆದಾಡುವ ಪ್ರಮೇಯವೇ ಇರಲಿಲ್ಲ. ನೋಟ ಒಂದೇ ಕಡೆಯಿಂದ, ವಸ್ತು ಇಟ್ಟಲ್ಲೇ. ಬಳಿಕ ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಆ್ಯಂಡಿ ಕಾಕ್‌ಬರ್ನ್ ಮತ್ತು ಬ್ರೂಸ್ ಮೆಕೆಂಜಿ ಎರಡು ಆಯಾಮದ ಮತ್ತು ಮೂರು ಆಯಾಮದ ಜೋಡಣೆಗಳನ್ನು ಹೋಲಿಸಿದರು. 2002ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ನಮ್ಮ ತೊಟ್ಟಿಮನೆಗೆ ಮುಂಚಿತವಾಗಿಯೇ ಬರೆದಿಟ್ಟ ತೀರ್ಪಿನಂತಿತ್ತು: ಮೂರನೆಯ ಆಯಾಮದ ಸ್ವಾತಂತ್ರ್ಯ ಹೆಚ್ಚಿದಂತೆಲ್ಲ ಹುಡುಕುವವರ ವೇಗ ಕುಗ್ಗಿತ್ತು. ನೆನಪಿಗೆ ನೆರವಾಗುವುದು ಆಳವಲ್ಲ, ಅಲುಗದ ಜಾಗ.

ಈ ಸತ್ಯವನ್ನು ಪುಸ್ತಕದಿಂದಲ್ಲ, ನನ್ನದೇ ತಪ್ಪಿನಿಂದ ಕಲಿತೆ. ತೊಟ್ಟಿಮನೆಯನ್ನು ಕೈಬಿಟ್ಟ ಮೇಲೆ ಅಪ್ಪ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಫೋಲ್ಡರುಗಳ ಗೊಡವೆಯೇ ಇಲ್ಲ. ಎಲ್ಲ ಕಡತಗಳೂ ಡೆಸ್ಕ್‌ಟಾಪಿನ ಮೇಲೆಯೇ. ಎಡಮೂಲೆಯಲ್ಲಿ ಪಿಂಚಣಿ, ನಡುವೆ ಬ್ಯಾಂಕು, ಬಲಗಡೆ ಕೆಳಗೆ ಅಮ್ಮನ ವೈದ್ಯಕೀಯ ವರದಿಗಳು. ಸ್ಕ್ಯಾನರ್ ತಾನೇ ಕೊಟ್ಟ ಅಂಕಿಗಳ ಸಾಲೇ ಅವಕ್ಕೆ ಹೆಸರು. 2009ರಲ್ಲಿ ಒಮ್ಮೆ ಊರಿಗೆ ಹೋದವನು ಆ ಗೊಂದಲವನ್ನು ಕಂಡು, ಒಳ್ಳೆಯದನ್ನೇ ಮಾಡುತ್ತಿದ್ದೇನೆಂಬ ಭಾವದಿಂದ, ಒಂದು ಗುಂಡಿ ಒತ್ತಿ ಎಲ್ಲ ಐಕಾನುಗಳನ್ನೂ ಹೆಸರಿನ ಕ್ರಮದಲ್ಲಿ ಜೋಡಿಸಿಬಿಟ್ಟೆ. ಎಂಟು ದಿನದ ಬಳಿಕ ಅಮ್ಮನನ್ನು ಹೃದಯದ ವೈದ್ಯರ ಬಳಿಗೆ ಕರೆದೊಯ್ಯಬೇಕಾಗಿತ್ತು. ಹಳೆಯ ವರದಿ ಸಿಗಲಿಲ್ಲ. ಹೆಸರೇ ಇಲ್ಲದ ಕಡತವನ್ನು ಯಾವ ಹುಡುಕುಯಂತ್ರವೂ ಹುಡುಕಿಕೊಡಲಾರದು. ಮೊದಲಿಗಿಂತ ಏನು ಬದಲಾಗಿದೆ ಎಂದು ಹೇಳಲಾಗದೆ ವೈದ್ಯರು ಪರೀಕ್ಷೆಗಳನ್ನೆಲ್ಲ ಹೊಸದಾಗಿ ಮಾಡಿಸಿದರು. ಅಪ್ಪ ನನ್ನನ್ನು ಬಯ್ಯಲಿಲ್ಲ. ಫೋನಿನಲ್ಲಿ ಇಷ್ಟೇ ಹೇಳಿದರು: ‘ನೀನು ಚೆನ್ನಾಗಿಯೇ ಜೋಡಿಸಿದ್ದೀಯ. ಆದರೆ ಈಗ ಅದು ನಿನ್ನ ಬೀರು, ನನ್ನದಲ್ಲ.’

ಹಾಗಾದರೆ ಆಟಗಳಿಂದ ಗಣಕ ಕಲಿಯಬೇಕಾದ್ದು ಏನೂ ಇಲ್ಲವೇ? ಖಂಡಿತ ಇದೆ, ಆದರೆ ನಾವು ಕದ್ದದ್ದು ಅದರ ವೇಷವನ್ನು ಮಾತ್ರ. ಒಳ್ಳೆಯ ಆಟ ಹೊಸಬನನ್ನು ಒಂದೊಂದೇ ಮೆಟ್ಟಿಲು ಹತ್ತಿಸುತ್ತದೆ; ಮೊದಲ ದಿನವೇ ನೂರು ಗುಂಡಿಗಳನ್ನು ಎದುರಿಗಿಡುವುದಿಲ್ಲ. ತಪ್ಪಿದರೆ ಮತ್ತೆ ಆಡಲು ಬಿಡುತ್ತದೆ. ಆದ್ದರಿಂದ ಆಟಗಾರನಿಗೆ ಭಯವಿಲ್ಲ. ಮಾಡಿದ್ದಕ್ಕೆ ತಕ್ಷಣ ಉತ್ತರ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಟದೊಳಗಿನ ಊರು ರಾತ್ರೋರಾತ್ರಿ ಬದಲಾಗುವುದಿಲ್ಲ. ನಿನ್ನೆಯ ಬಾವಿ ಇಂದೂ ಅಲ್ಲೇ ಇರುತ್ತದೆ. ನಮ್ಮ ನಿತ್ಯದ ತಂತ್ರಾಂಶಗಳು ಮಾಡುವುದು ಇದಕ್ಕೆ ತದ್ವಿರುದ್ಧ. ಮೊಬೈಲಿನಲ್ಲಿ ಬ್ಯಾಂಕಿನ ಆ್ಯಪ್ ಒಂದು ಬೆಳಿಗ್ಗೆ ಹೊಸ ರೂಪ ತಳೆದಿರುತ್ತದೆ. ಹಣ ಕಳಿಸುವ ಗುಂಡಿ ಇದ್ದಲ್ಲಿ ಸಾಲದ ಜಾಹೀರಾತು ಬಂದಿರುತ್ತದೆ. ವಯಸ್ಸಾದವರು ಮೊಮ್ಮಕ್ಕಳ ಬಳಿ ಫೋನು ಹಿಡಿದು ಹೋಗುವುದನ್ನು ನಾವು ಅವರ ಅಜ್ಞಾನವೆಂದು ಬಗೆದು ನಗುತ್ತೇವೆ. ಅವರ ಕೈ ಕಲಿತಿದ್ದ ದಾರಿಯನ್ನು ನಾವೇ ಅಗೆದುಹಾಕಿದ್ದೇವೆ ಎಂಬುದು ನಮಗೆ ಹೊಳೆಯುವುದಿಲ್ಲ.

ಮೂರು ಆಯಾಮದ ಆ ಪ್ರಯೋಗಗಳಲ್ಲಿ ಬಹುಪಾಲು ಇಂದು ಇಲ್ಲ. ಟೊರೊಂಟೊದಲ್ಲಿ ಆನಂದ್ ಅಗರವಾಲಾ ರೂಪಿಸಿದ, ಕಾಗದದ ಕಟ್ಟುಗಳಂತೆ ಕಡತಗಳನ್ನು ಪೇರಿಸಬಹುದಾಗಿದ್ದ ‘ಬಂಪ್‌ಟಾಪ್’ ಅನ್ನು 2010ರಲ್ಲಿ ಗೂಗಲ್ ಕೊಂಡುಕೊಂಡಿತು. ವಿಂಡೋಸ್ ವಿಸ್ಟಾದ ಓರೆ ಕಿಟಕಿಗಳ ಸಾಲು 2012ರ ವಿಂಡೋಸ್ 8ರಲ್ಲಿ ಕಾಣೆಯಾಯಿತು. ಆದರೆ ಕನಸು ಸತ್ತಿಲ್ಲ. 2024ರಲ್ಲಿ ಆ್ಯಪಲ್ ಮಾರುಕಟ್ಟೆಗೆ ತಂದ, 3,499 ಡಾಲರ್ ಬೆಲೆಯ ‘ವಿಷನ್ ಪ್ರೊ’ ಎಂಬ ಕಣ್ಗಾಪನ್ನು ತೊಟ್ಟರೆ, ನಿಮ್ಮದೇ ಕೋಣೆಯ ಗಾಳಿಯಲ್ಲಿ ಕಿಟಕಿಗಳನ್ನು ತೂಗುಹಾಕಬಹುದು. ತಲೆ ತಿರುಗಿಸಿದರೂ ಅವು ಇಟ್ಟಲ್ಲೇ ನಿಲ್ಲುತ್ತವೆ. ಇಲ್ಲಿ ಬಳಕೆದಾರನ ನಿಜವಾದ ಕಾಲು, ನಿಜವಾದ ಕತ್ತು ಕೆಲಸಕ್ಕೆ ಬರುತ್ತವೆ. ಆ ದೃಷ್ಟಿಯಿಂದ ಇದು ನಮ್ಮ ತೊಟ್ಟಿಮನೆಗಿಂತ ರೆಕಾರ್ಡ್ ರೂಮಿಗೆ ಹತ್ತಿರ. ಇದನ್ನು ರೂಪಿಸುವ ಹೊಸ ತಲೆಮಾರಿನವರಲ್ಲಿ, ಅವರಲ್ಲಿ ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರೂ ಇದ್ದಾರು, ನನ್ನ ಬಿನ್ನಹ ಒಂದೇ: ಬೆರಗಿಗಿಂತ ಮೊದಲು ಜಾಗವನ್ನು ಕಾಪಾಡಿ. ಬಳಕೆದಾರ ಇಟ್ಟ ವಸ್ತುವನ್ನು ಅವನ ಅನುಮತಿಯಿಲ್ಲದೆ ಸರಿಸಬೇಡಿ. ಸರಿಸಲೇಬೇಕಾದರೆ, ಹಳೆಯ ಜಾಗಕ್ಕೆ ಮರಳುವ ದಾರಿಯೊಂದನ್ನು ಉಳಿಸಿಡಿ.

ಅಪ್ಪ ತೀರಿಕೊಂಡು ಆರು ವರ್ಷಗಳಾದವು. 2009ರ ಆ ಪ್ರಸಂಗದ ನಂತರ ಅವರು ಒಂದು ವಾರ ಕುಳಿತು ಕಡತಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿ ಮತ್ತೆ ಹಳೆಯ ಜಾಗಗಳಿಗೇ ಒಯ್ದಿಟ್ಟಿದ್ದರಂತೆ. ಆ ಯಂತ್ರ ಈಗಲೂ ಊರಿನ ಮನೆಯಲ್ಲಿದೆ. ಮೊನ್ನೆ ಅಮ್ಮನಿಗೆ ಹಳೆಯ ವರದಿಯೊಂದು ಬೇಕಾಯಿತು. ಗಣಕ ತೆರೆದು ಕುಳಿತೆ. ಹೆಸರುಗಳೆಲ್ಲ ಇನ್ನೂ ಅಂಕಿಗಳ ಸಾಲುಗಳೇ. ಓದುವ ಗೋಜಿಗೆ ಹೋಗದೆ ಬಲಗಡೆಯ ಕೆಳಮೂಲೆಗೆ ಮೌಸ್ ಒಯ್ದೆ. ವರದಿ ಅಲ್ಲೇ ಇತ್ತು.